ಬಂಗಾಳ ಕೊಲ್ಲಿಯ ಸುದ್ದಿ ಬೋರಿ ದಂಡೆಗೆ

ವಳಸಂಗ: ಸೋಲಾಪುರ–ಅಕ್ಕಲಕೋಟ ರಸ್ತೆಯ ಈ ಊರಿನಿಂದ ಯಾವ ದಿಕ್ಕಿಗೆ ನೋಡಿದರೂ ಹೊಲವೇ ಹೊರತು ಸಮುದ್ರವಿಲ್ಲ. ‘ನಮಗ್ಯಾಕ ಬೇಕ್ರೀ ಸಮುದ್ರದ ಮಾತು?’ ಅಂದರೆ ತಪ್ಪೇನಲ್ಲ. ಆದರೆ 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಂಡೆ ಹತ್ತಿತು. ತೆಲಂಗಾಣ ದಾಟಿ, 650 ಕಿ.ಮೀ. ನಡೆದು, ಮರುದಿನವೇ ಸೋಲಾಪುರ ಭಾಗಕ್ಕೆ ಬಂತು. ಬೋರಿ ಹೊಳೆ ಉಕ್ಕಿತು. ಅಕ್ಕಲಕೋಟ ತಾಲ್ಲೂಕಿನಲ್ಲಿ ನಿಂತ ಪೀಕಷ್ಟೇ ಅಲ್ಲ, ಹೊಲದ ಮಣ್ಣೂ ಕೊಚ್ಚಿಹೋಯಿತು.

ಇಂಥ ಮಳೆಗೆ ಬಲ ಕೊಡುವುದು ಕಡಲಿನ ಕಾವು. ಅದನ್ನು ಅಳೆಯಲು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 1990ರ ದಶಕದ ಕೊನೆಯಿಂದ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರಗಳಲ್ಲಿ ತೇಲುಯಂತ್ರಗಳನ್ನು ಲಂಗರು ಹಾಕಿ ನಿಲ್ಲಿಸುತ್ತ ಬಂದಿದೆ. ಹಳದಿ ಬಣ್ಣದ ದುಂಡು ತಟ್ಟೆ, ಮೇಲೊಂದು ಕಂಬ. ಕಂಬದಲ್ಲಿ ಗಾಳಿ, ಮಳೆ, ವಾಯುಭಾರ ಅಳೆಯುವ ಸಾಧನ. ಕೆಳಗೆ 500 ಮೀಟರ್ ಆಳದವರೆಗೆ ನೀರಿನ ಕಾವು, ಉಪ್ಪು ಅಳೆಯುವ ಸೆನ್ಸರ್‌ಗಳು. ಕರೆಂಟು ಸೌರಫಲಕದ್ದು. ಲೋಡ್ ಶೆಡ್ಡಿಂಗ್ ತಂಟೆಯಿಲ್ಲ!

ರೇಡಿಯೊ ಅಲೆ ಉಪ್ಪುನೀರಿನಲ್ಲಿ ದೂರ ಹೋಗದು. ಅದಕ್ಕೇ ಕೆಳಗಿನ ಸೆನ್ಸರ್‌ಗಳು ಲಂಗರಿನ ಉಕ್ಕಿನ ಹಗ್ಗದ ಮೂಲಕ ಮೇಲಕ್ಕೆ ಸುದ್ದಿ ಕಳಿಸುತ್ತವೆ. ಸುನಾಮಿ ಕಾಯುವ ಯಂತ್ರದಲ್ಲಂತೂ ಸಮುದ್ರದ ತಳದ ಸಾಧನ ಮೇಲಿನದಕ್ಕೆ ಶಬ್ದದಿಂದಲೇ ಹೇಳುತ್ತದೆ. ಮುಂದೆ ಉಪಗ್ರಹದ ದಾರಿ ಹಿಡಿದು ಸುದ್ದಿ ದಂಡೆಗೆ, ಹವಾಮಾನ ಇಲಾಖೆಗೆ.

ಕಷ್ಟ ಇರುವುದು ಬೇರೆ ಕಡೆ. ತೇಲುಯಂತ್ರದ ನೆರಳಿಗೆ ಮೀನು ಸೇರುತ್ತವೆ. ಮೀನಿನ ಬೆನ್ನಿಗೆ ದೋಣಿ. ದೋಣಿ ಕಟ್ಟಿ ಎಳೆದಾಗ ಸಾಧನ ಮುರಿಯುತ್ತದೆ. ಸೌರಫಲಕ, ಬ್ಯಾಟರಿ ಕಳುವಾಗುವುದೂ ಉಂಟು. ಬಾವಿ ಮೋಟರಿನ ಕೇಬಲ್ ಕಳಕೊಂಡವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಯಂತ್ರ ಮೂಕಾದರೆ ದುರಸ್ತಿಗೆ ಹಡಗೇ ಹೋಗಬೇಕು. ಅಲ್ಲಿತನಕ ಆ ಜಾಗದ ಸುದ್ದಿ ಬಂದ್. ಸಂಸ್ಥೆಯವರು ಮೀನುಗಾರರಿಗೆ ತಿಳಿಹೇಳುತ್ತಿದ್ದಾರೆ. ಅದೇ ಸರಿ. ಬಿರುಗಾಳಿಯ ಮೊದಲ ಪೆಟ್ಟು ಅವರಿಗೇ ತಾನೆ?

ಯಾರ ಹೊಲಕ್ಕೆ ಎಷ್ಟು ಮಳೆ ಅಂತ ಈ ಯಂತ್ರ ಹೇಳಲಾರದು, ನಿಜ. ಆದರೆ ಕಾಕಿನಾಡದಿಂದ ಇಲ್ಲಿಗೆ ಬರಲು 2020ರ ಕುಸಿತಕ್ಕೆ ಒಂದು ದಿನ ಹಿಡಿಯಿತು. ನಮ್ಮ ಕೈಗೆ ಸಿಗುವುದು ಆ ಒಂದು ದಿನ. ಸೋಯಾ ರಾಶಿ ಕಣದಲ್ಲಿದ್ದಾಗ, ಉಳ್ಳಾಗಡ್ಡಿ ಕಿತ್ತು ಹಾಕಿದ್ದಾಗ, ಹವಾಮಾನ ವಾರ್ತೆಯಲ್ಲಿ ಕಾಕಿನಾಡ, ಮಚಲಿಪಟ್ಟಣದ ಹೆಸರು ಬಂದರೆ ಕಿವಿಗೊಡಿ. ಪಶ್ಚಿಮಕ್ಕೆ ಸರಿಯುತ್ತಿದೆ ಎಂದರೋ, ತಾಡಪತ್ರಿ ಹುಡುಕಲು ಹೊತ್ತು ಮಾಡಬೇಡಿ. ಮಾಲು ತುಂಬಿದ ಗಾಡಿಯನ್ನು ರಾತ್ರಿ ಬೋರಿ ದಂಡೆಗೆ ನಿಲ್ಲಿಸಲೂ ಬೇಡಿ.