ಕೇಳಿಸುವದು, ಆದರೆ ತಿಳಿಯದು

ಕಿವುಡನನ್ನು ಕಂಡು ಮರುಗುವವರು ಲೋಕದಲ್ಲಿ ಉಂಟು. ಆದರೆ ಪರೀಕ್ಷೆಯಲ್ಲಿ ಕಿವಿಯು ನೆಟ್ಟಗಿರುವದೆಂದು ಬರೆಯಿಸಿಕೊಂಡು ಬಂದವನು ತನಗೆ ಮಾತು ತಿಳಿಯದೆಂದರೆ ಅವನನ್ನು ನಂಬುವವರು ವಿರಳ. ಮನೆಯವರು ಅವನನ್ನು ಲಕ್ಷ್ಯವಿಲ್ಲದವನೆನ್ನುವರು. ಬೇಕಾದದ್ದು ಮಾತ್ರ ಕೇಳಿಸುವದೆಂದು ಹೆಂಡತಿಯು ಮುನಿಯುವಳು. ಇಂಥವನ ಪರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನಾವು ಈ ಲೇಖನವನ್ನು ಕೈಕೊಂಡಿರುವೆವು.

ಸಿಂಧನೂರು ತಾಲೂಕಿನ ನಮ್ಮ ಸಾಲಗುಂದದ ಕಡೆಗೆ ಸದ್ದಿಗೇನೂ ಬರವಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಈ ಸೀಮೆಯು ಭತ್ತದ ಸೀಮೆಯಾಯಿತು. ಭತ್ತದ ಬೆನ್ನಿಗೆ ಅಕ್ಕಿಯ ಗಿರಣಿಗಳೂ ಟ್ರ್ಯಾಕ್ಟರುಗಳೂ ಕಟಾವಿನ ಯಂತ್ರಗಳೂ ಬಂದವು. ಎಂಜಿನ್ನಿನ ಸದ್ದನ್ನು ಮೀರಿಸಲು ಟ್ರ್ಯಾಕ್ಟರಿನಲ್ಲಿಯೇ ಹಾಡು. ಅದೂ ಸಾಲದೆಂಬಂತೆ ಮೆರವಣಿಗೆಗಳಲ್ಲಿ ಎದೆಯನ್ನು ನಡುಗಿಸುವ ಡಿಜೆ. (ದೇವರಿಗೂ ಇಷ್ಟು ದೊಡ್ಡ ದನಿಯು ಬೇಕಿರಲಾರದು.) ನಮ್ಮ ಕೈಯಲ್ಲಿ ಓದಿ ಈಗ ಟ್ರ್ಯಾಕ್ಟರು ಹೊಡೆಯುವವನೊಬ್ಬನು ನಮ್ಮೊಡನೆ, "ಸರ್, ಕಿವ್ಯಾಗ ಏನೂ ದೋಷ ಇಲ್ಲಂತ ಡಾಕ್ಟರು ಬರ್ದು ಕೊಟ್ಟಾರ್ರಿ. ಮನ್ಯಾಗ ಒಬ್ರ ಮಾತಾಡಿದ್ರ ಎಲ್ಲಾ ತಿಳಿತೈತ್ರಿ. ಸಂತ್ಯಾಗ ನಿಂತ್ರ ದನಿ ಕೇಳ್ತೈತಿ, ಮಾತು ತಿಳಿಯಂಗಿಲ್ರಿ" ಎಂದನು.

ಅವನ ಮಾತಿನಲ್ಲಿ ಶಾಸ್ತ್ರವಿರುವದು. ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಶಬ್ದವನ್ನು ಎರಡಾಗಿ ವಿಭಾಗಿಸಿರುವನು: ಭೇರಿ ಮೊದಲಾದವುಗಳ ಸದ್ದು ಧ್ವನ್ಯಾತ್ಮಕವು, ಭಾಷೆಯು ವರ್ಣಾತ್ಮಕವು. ಸಾಮಾನ್ಯವಾದ ಕಿವಿಯ ಪರೀಕ್ಷೆಯು ಮುಖ್ಯವಾಗಿ ಮೊದಲನೆಯದನ್ನೇ ಅಳೆಯುವದು. ನಿಶ್ಶಬ್ದವಾದ ಕೋಣೆಯಲ್ಲಿ ಕೂಡಿಸಿ, 250ರಿಂದ 8000 ಹರ್ಟ್ಸ್‌ವರೆಗಿನ ಶುದ್ಧ ಸ್ವರಗಳನ್ನು ಮೆಲ್ಲಮೆಲ್ಲಗೆ ಕೇಳಿಸಿ, 25 ಡೆಸಿಬೆಲ್ಲಿನೊಳಗೆ ಕೇಳಿಸಿತೆಂದರೆ ಕಿವಿಯು ಸರಿಯೆಂದು ಬರೆಯುವರು. ಸಂತೆಯ ಗದ್ದಲವು ಆ ಕೋಣೆಯಲ್ಲಿ ಎಲ್ಲಿಂದ ಬರಬೇಕು?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಭಾಗವೊಂದುಂಟು. ಸದ್ದನ್ನು ಗ್ರಹಿಸಿ ನರಕ್ಕೆ ಒಪ್ಪಿಸುವ ರೋಮಕೋಶಗಳು ಅದರಲ್ಲಿ ಸುಮಾರು 3500. ಅಲ್ಲಿಂದ ಮೆದುಳಿನ ಕಡೆಗೆ ಹೊರಡುವ ನರತಂತುಗಳು ಸುಮಾರು 30,000. ಅಮೇರಿಕದ ಬೋಸ್ಟನ್ ನಗರದ ಶಾರನ್ ಕುಜಾವಾ, ಚಾರ್ಲ್ಸ್ ಲಿಬರ್ಮನ್ ಎಂಬ ವಿದ್ವಾಂಸರು 2009ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ಕಣ್ಣು ತೆರೆಯಿಸಿತು. ಇಲಿಗಳಿಗೆ ಎರಡು ತಾಸು 100 ಡೆಸಿಬೆಲ್ಲಿನ ಸದ್ದನ್ನು ಕೇಳಿಸಿದರು. ಮೊದಲು ಮಂದವಾದ ಶ್ರವಣವು ಕೆಲವು ದಿನಗಳಲ್ಲಿ ಮರಳಿ ಮೊದಲಿನಂತಾಯಿತು, ರೋಮಕೋಶಗಳೂ ಅಳಿಯಲಿಲ್ಲ. ಆದರೆ ಕೋಶಕ್ಕೂ ನರಕ್ಕೂ ಇದ್ದ ಸಂಧಿಗಳು ಕೆಲವೆಡೆ ಅರ್ಧದಷ್ಟು ನಾಶವಾಗಿದ್ದವು, ಮರಳಿ ಬೆಳೆಯಲಿಲ್ಲ. ತರುವಾಯ ನರಗಳೂ ಮೆಲ್ಲಗೆ ಕ್ಷಯಿಸಿದವು.

ಹಾಗಾದರೆ ಪರೀಕ್ಷೆಯಲ್ಲಿ ಅದು ತೋರುವದಿಲ್ಲವೇಕೆ? ಗಂಟೆ ಬಾರಿಸಿತೆಂದು ಹೇಳಲು ತರಗತಿಯಲ್ಲಿ ಒಬ್ಬ ಹುಡುಗನು ಎಚ್ಚರವಿದ್ದರೂ ಸಾಕು. ಗದ್ದಲದಲ್ಲಿ ಹೇಳಿದ ಪಾಠವನ್ನು ತಪ್ಪಿಲ್ಲದೆ ಒಟ್ಟುಗೂಡಿಸಬೇಕಾದರೆ ಅನೇಕರು ಬರೆದುಕೊಂಡಿರಬೇಕು. ಮೆಲುವಾದ ಸ್ವರವನ್ನು ಮುಟ್ಟಿಸಲು ಉಳಿದ ಕೆಲವೇ ತಂತುಗಳು ಸಾಕಾಗುವವು. ಕ, ಖ, ಗಗಳ ಭೇದವು ಕ್ಷಣದ ಅತ್ಯಲ್ಪ ಅಂಶದಲ್ಲಿ ಅಡಗಿರುವದು. ಗದ್ದಲದಲ್ಲಿ ಅದನ್ನು ಹಿಡಿಯಲು ಬಹಳ ತಂತುಗಳು ಬೇಕು.

ಕನ್ನಡ ನಾಡಿನಲ್ಲಿಯೂ ಈ ವಿಚಾರವು ನಡೆದಿರುವದು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಅಜಿತ್ ಕುಮಾರರೂ ಅವರ ಸಹೋದ್ಯೋಗಿಗಳೂ 28 ಜನ ರೈಲು ಚಾಲಕರನ್ನು, ಸದ್ದಿನ ಉದ್ಯೋಗವಿಲ್ಲದ 90 ಜನರೊಡನೆ ಹೋಲಿಸಿ, 2012ರಲ್ಲಿ ಫಲವನ್ನು ಪ್ರಕಟಿಸಿದರು. ಚಾಲಕರು 80 ಡೆಸಿಬೆಲ್ಲಿಗೂ ಮಿಕ್ಕ ಸದ್ದಿನಲ್ಲಿ ದುಡಿದವರು. ಆದರೂ ಎಲ್ಲರ ಕಿವಿಯೂ ಪರೀಕ್ಷೆಯ ಪ್ರಕಾರ ಸರಿಯಾಗಿಯೇ ಇದ್ದಿತು. ಹಲವು ಜನರ ಮಾತಿನ ಕಲಕಲದ ನಡುವೆ ನುಡಿಗಳನ್ನು ಕೇಳಿಸಿದಾಗ ಮಾತ್ರ ಚಾಲಕರು ಸ್ಪಷ್ಟವಾಗಿ ಹಿಂದೆ ಬಿದ್ದರು.

ಆದರೆ ಇಲಿಯ ಕಿವಿಯೇ ಮನುಷ್ಯನ ಕಿವಿಯೆಂದು ಹೇಳಲಾಗದು. ಬದುಕಿರುವವನ ಕಿವಿಯಲ್ಲಿ ಸಂಧಿಗಳನ್ನು ಎಣಿಸುವ ಉಪಾಯವಿಲ್ಲ. 2017ರಲ್ಲಿ ಇಂಗ್ಲಂಡದ ಮ್ಯಾಂಚೆಸ್ಟರಿನವರು ನೂರಕ್ಕೂ ಹೆಚ್ಚು ತರುಣರನ್ನು ಪರೀಕ್ಷಿಸಿದಾಗ ಇಂಥ ಹಾನಿಯ ಕುರುಹು ದೊರೆಯಲಿಲ್ಲ. ವಾದವು ತೀರಲೆಂದು ಟ್ರ್ಯಾಕ್ಟರಿನವನು ಕಾಯಬೇಕಿಲ್ಲವೆಂಬುದು ನಮ್ಮ ಮತ. ಕಿವಿಗೆ ಔಷಧವಿಲ್ಲದ ಕೇಡು ತಟ್ಟುವ ಸಂಶಯವಿರುವಾಗ ಸದ್ದನ್ನು ತಗ್ಗಿಸುವದರಿಂದ ಕಳೆದುಕೊಳ್ಳುವದೇನು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ಲಿನ ಸದ್ದನ್ನು ವಾರಕ್ಕೆ 40 ತಾಸು ತಾಳಬಹುದು. ಮೂರು ಡೆಸಿಬೆಲ್ಲು ಏರಿದಂತೆಲ್ಲ ಅವಧಿಯು ಅರ್ಧಕ್ಕೆ ಇಳಿಯುವದು. ಅಳೆಯುವ ಯಂತ್ರವಿಲ್ಲದವರಿಗೆ ಸುಲಭವಾದ ಗುರುತೊಂದುಂಟು: ಮೊಳದೂರದಲ್ಲಿ ನಿಂತವನೊಡನೆ ಕೂಗಿ ಮಾತನಾಡಬೇಕಾದರೆ ಅಲ್ಲಿಯ ಸದ್ದು ಹೆಚ್ಚಾಯಿತೆಂದೇ ತಿಳಿಯಬೇಕು. ಗಿರಣಿಯಲ್ಲಿ ದುಡಿಯುವವರು ಬರಿಯ ಅರಳೆಯನ್ನು ನಂಬದೆ, ಕಿವಿಗೆ ಇಡುವ ಮೆತ್ತನೆಯ ಬಿರಡೆಯನ್ನೋ ಕಿವಿಯನ್ನು ಮುಚ್ಚುವ ಕವಚವನ್ನೋ ಧರಿಸುವದು ಒಳ್ಳೆಯದು. ಟ್ರ್ಯಾಕ್ಟರಿನ ಹಾಡನ್ನಂತೂ ನಿಲ್ಲಿಸಲೇಬೇಕು.

ಈಗಾಗಲೇ ಮಾತು ತಿಳಿಯದೆಂದು ಹೇಳುವವರು, ಗದ್ದಲದ ನಡುವೆ ಕನ್ನಡ ವಾಕ್ಯಗಳನ್ನು ಕೇಳಿಸಿ ಅಳೆಯುವ ಪರೀಕ್ಷೆಯನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು, ಅಂಥದೂ ಸಿದ್ಧವಾಗಿರುವದು. ಮನೆಯವರು ಮಾಡಬೇಕಾದದ್ದು ಅಲ್ಪವೇ. ದೂರದರ್ಶನವನ್ನು ಆರಿಸಿ, ಅಡಿಗೆಮನೆಯಿಂದ ಕೂಗದೆ ಎದುರಿಗೆ ಬಂದು, ಮುಖವು ಕಾಣುವಂತೆ ನಿಂತು, ಒಬ್ಬೊಬ್ಬರಾಗಿ ಮಾತನಾಡಿದರೆ ಅವನಿಗೆ ತಿಳಿಯುವದು.