ಸರದ ಭದ್ರತೆ ಗಂಟಿನಲ್ಲಿ

ಮುಂಬಯಿಯ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಕರಿಮಣಿ ಸರ ಹರಿದರೆ, ಚೆಲ್ಲಿದ ಮಣಿಗಳನ್ನು ಆರಿಸಲು ಪುರುಸೊತ್ತಾದರೂ ಎಲ್ಲಿ? ಮನೆಯಲ್ಲಿ ಪೋಣಿಸಿದ ಸರ ಹರಿಯುವುದು ಹೆಚ್ಚಾಗಿ ಕೊಂಡಿಯ ಬಳಿಯೇ. ಉಂಗುರದ ಬಾಯಿ ತೆರೆದಿದ್ದರೆ ಅದರ ಅಂಚು ದಾರವನ್ನು ದಿನವೂ ಕೊಯ್ಯುತ್ತಿರುತ್ತದೆ. ಆದುದರಿಂದ ಸೋದರಿಯರು ಮೊದಲು ಆ ಬಾಯಿಯನ್ನು ಇಕ್ಕಳದಿಂದ ಒತ್ತಿ ಮುಚ್ಚಬೇಕು. ಅನಂತರ ಜೋಡಿ ದಾರದ ಒಂದೆಳೆಯನ್ನು ಉಂಗುರದಲ್ಲಿ ತೂರಿಸಿ, ಬಲತುದಿಯನ್ನು ಎಡದ ಮೇಲೆ, ಮತ್ತೆ ಎಡತುದಿಯನ್ನು ಬಲದ ಮೇಲೆ ಹಾಕಿ ಬಿಗಿಯಬೇಕು. ಎರಡು ಸಲವೂ ಬಲದಿಂದಲೇ ಹಾಕಿದ ಗಂಟು ಜಾರುತ್ತದೆ. ನೈಲಾನ್ ನುಣುಪಾದುದರಿಂದ ಅದಕ್ಕೆ ಮೂರನೆಯ ಗಂಟೂ ಅವಶ್ಯ. ತುದಿಗಳನ್ನು ಬುಡದಲ್ಲೇ ಕತ್ತರಿಸದೆ, 3-4 ಮಣಿಗಳೊಳಗೆ ಹಿಂದಕ್ಕೆ ಪೋಣಿಸಿ ಕತ್ತರಿಸಿದರೆ ಗಂಟೂ ಬಿಚ್ಚದು, ತುದಿಯೂ ಕಾಣದು. ವರ್ಷಕ್ಕೊಮ್ಮೆ ಕೊಂಡಿಯ ಬಳಿಯ ದಾರವನ್ನು ಪರೀಕ್ಷಿಸಿ, ಸವೆದಿದ್ದರೆ ಹೊಸ ದಾರಕ್ಕೆ ಪೋಣಿಸಿಕೊಳ್ಳುವುದು ಲೇಸು.