ಬಣ್ಣಗಾರರ ಅಡ್ಡಹೆಸರುಗಳು

ಪ್ರತಿಯೊಂದು ಕಸುಬಿಗೂ ತನ್ನದೇ ಆದ ಒಳನುಡಿಯೊಂದುಂಟು. ವಿದ್ವಾಂಸರ ನಿಘಂಟಿನಲ್ಲಿ ಅದಕ್ಕೆ ಎಡೆ ದೊರೆಯುವುದು ತಡವಾಗಿ. ಎಷ್ಟೋ ವೇಳೆ ದೊರೆಯುವುದೇ ಇಲ್ಲ. ನೆಗ್ಗಿದ ಕಾರಿನ ತಗಡನ್ನು ಬಡಿದು ನೇರಮಾಡುವ ಕೆಲಸಕ್ಕೆ ನಮ್ಮ ಊರುಗಳಲ್ಲಿ ‘ಟಿಂಕರಿಂಗ್’ ಎನ್ನುವುದನ್ನು ವಾಚಕರು ಕೇಳಿಯೇ ಇರಬೇಕು. ಟಿಂಕರಿಂಗ್ ಮುಗಿದ ಮೇಲೆ ಬಣ್ಣದ ಸರದಿ. ಆ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಗಾಳಿಯ ಒತ್ತಡದಿಂದ ತುಂತುರಾಗಿ ಸಿಂಪಡಿಸುತ್ತಾರೆ. ಈ ಕೆಲಸದ ಸುತ್ತ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ಬಣ್ಣಗಾರರು ಕಟ್ಟಿಕೊಂಡ ಅಡ್ಡಹೆಸರುಗಳನ್ನು ಮೊದಲು ಕೇಳಿದಾಗ ನಗು ಬರುತ್ತದೆ. ತುಸು ಆಲೋಚಿಸಿದರೆ, ಅವುಗಳ ಹಿಂದೆ ವಿಜ್ಞಾನದ ಪಾಠಗಳು ಅಡಗಿರುವುದು ಕಾಣುತ್ತದೆ.

ಮೊದಲು ‘ಡ್ಯೂಕೋ’ ಎಂಬ ಮಾತನ್ನು ನೋಡೋಣ. 1920ರ ದಶಕದ ಆದಿಯವರೆಗೂ ಕಾರುಗಳಿಗೆ ಎಣ್ಣೆಯ ವಾರ್ನಿಷನ್ನು ಪದರಪದರವಾಗಿ ಬಳಿದು ವಾರಗಟ್ಟಲೆ ಒಣಗಿಸಬೇಕಾಗಿತ್ತು. 1923ರಲ್ಲಿ ಜನರಲ್ ಮೋಟರ್ಸ್ ಸಂಸ್ಥೆಯು ತನ್ನ ಓಕ್‌ಲೆಂಡ್ ಕಾರುಗಳಿಗೆ ಡ್ಯೂಪಾಂಟ್ ಕಂಪನಿಯ ಹೊಸ ಮೆರುಗೆಣ್ಣೆಯನ್ನು ಹಾಕಿತು. ಅದರ ವಾಣಿಜ್ಯನಾಮವೇ ಡ್ಯೂಕೋ. ಅದರ ಆಧಾರ ನೈಟ್ರೊಸೆಲ್ಯುಲೋಸ್. ದ್ರಾವಕ ಹಾರಿಹೋದೊಡನೆ ಅದು ಗಟ್ಟಿಯಾಗುತ್ತಿದ್ದುದರಿಂದ ವಾರಗಳ ಕೆಲಸ ಗಂಟೆಗಳಿಗಿಳಿಯಿತು. ಕುಂಚವನ್ನು ಎಳೆಯುವಷ್ಟರಲ್ಲೇ ಒಣಗತೊಡಗುವ ಇಂಥ ಬಣ್ಣಕ್ಕೆ ಸಿಂಪಡಿಸುವ ಪಿಸ್ತೂಲೇ ತಕ್ಕ ಸಾಧನ. ಕಾಲಕ್ರಮದಲ್ಲಿ ಆಸ್ಟ್ರೇಲಿಯದವರು ಕಾರಿನ ಬಣ್ಣ ಯಾವುದಾದರೂ ಅದನ್ನು ಡ್ಯೂಕೋ ಎಂದೇ ಕರೆದರು. ನಮ್ಮ ದೇಶದ ಬಣ್ಣಗಾರರ ಬಾಯಲ್ಲೂ ಆ ಮಾತು ನೆಲೆಸಿದೆ.

ಸಿಂಪಡಿಸಲು ಪಿಸ್ತೂಲೂ ಗಾಳಿಯ ಯಂತ್ರವೂ ಇಲ್ಲದವರಿಗೆ ಒದಗುವುದು ‘ರ‍್ಯಾಟಲ್ ಕ್ಯಾನ್’. ಎಂದರೆ ಗಿಲಕಿ ಡಬ್ಬಿ. ಅಮೆರಿಕದ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ಎಂಬಾತನು 1949ರಲ್ಲಿ ಬಣ್ಣವನ್ನು ಒತ್ತಡದ ಡಬ್ಬಿಯಲ್ಲಿ ತುಂಬಿ ತುಂತುರಾಗಿಸಿದನು. ಈಗಿನ ಇಂಥ ಡಬ್ಬಿಯನ್ನು ಅಲುಗಿಸಿದರೆ ಒಳಗೆ ಗೋಲಿಯೊಂದು ಕಟಕಟನೆ ಸದ್ದುಮಾಡುತ್ತದೆ. ಅದು ಮಕ್ಕಳ ಆಟವಲ್ಲ. ಬಿಳಿಯ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಪುಡಿಯು ನೀರಿಗಿಂತ ಸುಮಾರು 4 ಪಟ್ಟು ಸಾಂದ್ರ. ದ್ರಾವಕಗಳಲ್ಲಿ ಹಲವು ನೀರಿಗಿಂತ ಹಗುರ. ಆದುದರಿಂದ ಪುಡಿ ತಳಕ್ಕಿಳಿದು ಕೂರುತ್ತದೆ. ಗೋಲಿಯು ಅದನ್ನು ಮತ್ತೆ ಕಲಕುತ್ತದೆ. ಕೆಲಹೊತ್ತು ಸಿಂಪಡಿಸಿದ ಮೇಲೆ ಡಬ್ಬಿಯನ್ನು ಮುಟ್ಟಿದರೆ ಅದು ತಣ್ಣಗಿರುವುದೇಕೆ? ಒಳಗೆ ದ್ರವವಾಗಿರುವ ಅನಿಲವು ಆವಿಯಾಗಲು ಬೇಕಾದ ಶಾಖವನ್ನು ಡಬ್ಬಿಯಿಂದಲೇ ಹೀರಿಕೊಳ್ಳುತ್ತದೆ. ಅವಸರದಲ್ಲಿ ಇಂಥ ಡಬ್ಬಿಯಿಂದ ಬಣ್ಣ ಹಾಕಿದ ಕಾರನ್ನು ಪಳಗಿದವರು ‘ಗಿಲಕಿ ಡಬ್ಬಿಯ ಕೆಲಸ’ ಎಂದು ಹಾಸ್ಯಮಾಡುವುದುಂಟು.

ಆದರೆ ಪಳಗಿದವರಿಗೂ ಎರಡು ಭಯಗಳು ತಪ್ಪಿದ್ದಲ್ಲ. ಒಂದು ‘ಕಿತ್ತಳೆ ಸಿಪ್ಪೆ’, ಇನ್ನೊಂದು ‘ಓಟ’. ತಗಡಿನ ಮೇಲೆ ಬಿದ್ದ ಹನಿಗಳು ಒಂದರೊಳಗೊಂದು ಹರಡಿ ಮಟ್ಟವಾಗುವ ಮುನ್ನವೇ ಬಿಗಿದುಕೊಂಡರೆ, ಒಣಗಿದ ಬಣ್ಣವು ಕಿತ್ತಳೆಯ ಸಿಪ್ಪೆಯಂತೆ ಗುಳಿಗುಳಿಯಾಗಿ ಕಾಣುತ್ತದೆ. ಪಿಸ್ತೂಲನ್ನು ತೀರ ದೂರ ಹಿಡಿದರೆ ಹೀಗಾಗುವುದು. ಹನಿಯು ಹಾದಿಯಲ್ಲೇ ದ್ರಾವಕವನ್ನು ಕಳೆದುಕೊಂಡಿರುತ್ತದೆ. ಹತ್ತಿರ ಹಿಡಿದು ದಪ್ಪವಾಗಿ ಹಾಕೋಣವೆಂದರೆ ಬಣ್ಣವು ಭೂಮಿಯ ಸೆಳೆತಕ್ಕೊಳಗಾಗಿ ಕಣ್ಣೀರಿನಂತೆ ಕೆಳಗಿಳಿಯುತ್ತದೆ. ಇದೇ ಓಟ.

ಇದರ ಗಣಿತ ಸೊಗಸಾದುದು. ದ್ರವದ ಮೇಲ್ಮೈ ಎಳೆತವು ಗುಳಿಗಳನ್ನು ಸಮಮಾಡುವ ವೇಗವು ಪದರದ ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. ಪದರವು ಜಾರುವ ವೇಗ ದಪ್ಪದ ವರ್ಗಕ್ಕೆ. ದಪ್ಪ ಎರಡರಷ್ಟಾದರೆ ಸಮವಾಗುವ ವೇಗ ಎಂಟರಷ್ಟಾಗುವುದು ಲಾಭವೇ ಸರಿ. ಆದರೆ ಜಾರುವ ವೇಗವೂ ನಾಲ್ಕರಷ್ಟಾಗುವುದು. ಜೊತೆಗೆ ದಪ್ಪ ಪದರವು ಬೇಗನೆ ಒಣಗದೆ ಜಾರಲು ಹೆಚ್ಚು ಕಾಲವನ್ನೂ ಪಡೆಯುವುದು. ಆದುದರಿಂದ ಬಣ್ಣಗಾರನು ತೆಳುವಾದ ಪದರಗಳನ್ನು ನಡುನಡುವೆ ಬಿಡುವು ಕೊಟ್ಟು ಹಾಕುತ್ತಾನೆ. ಸಿಪ್ಪೆಗೂ ಓಟಕ್ಕೂ ನಡುವಣ ಇಕ್ಕಟ್ಟಾದ ಹಾದಿಯಲ್ಲಿ ನಡೆಯುವುದೇ ಅವನ ಕುಶಲತೆ.

ಮೂರನೆಯ ಶತ್ರು ‘ಮೀನ್ಗಣ್ಣು’. ಒದ್ದೆ ಬಣ್ಣವು ಒಂದು ಬಿಂದುವಿನಿಂದ ಸುತ್ತಲೂ ಸರಿದು ದುಂಡನೆಯ ಗುಳಿಯಾಗುತ್ತದೆ. ನಡುವೆ ತಳದ ತಗಡು ಕಣ್ಣಿನಂತೆ ಇಣುಕುತ್ತದೆ. ಅಲ್ಲಿ ಹಿಂದೆ ಹಚ್ಚಿದ್ದ ಪಾಲಿಷಿನ ಸಿಲಿಕೋನ್ ಎಣ್ಣೆಯ ಕಣವೊಂದು ಉಳಿದಿರಬಹುದು. ಅದು ಇರುವೆಡೆಯಲ್ಲಿ ಮೇಲ್ಮೈ ಎಳೆತ ಕಡಿಮೆ. ದ್ರವವು ಎಳೆತ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹರಿಯುವುದು ನಿಸರ್ಗದ ನಿಯಮ. ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ ಸಾಬೂನು ಹಚ್ಚಿದ ಬೆರಳನ್ನು ತಾಗಿಸಿರಿ. ಪುಡಿ ದೂರ ಓಡುವುದು. ಮೀನ್ಗಣ್ಣಿನ ಗುಟ್ಟೂ ಅದೇ.

ಕೊನೆಯದು ‘ಟೂ-ಕೆ’. ಇದು ಎರಡು ಘಟಕಗಳನ್ನು ಬೆರೆಸಿ ಹಾಕುವ ಬಣ್ಣ. ಜರ್ಮನ್ ಭಾಷೆಯಲ್ಲಿ ಘಟಕವೆಂಬ ಪದವು ‘ಕೆ’ ಅಕ್ಷರದಿಂದ ಆರಂಭವಾಗುವುದರಿಂದ ಈ ಹೆಸರು. ಕಾರುಗಳಿಗೆ ಹಾಕುವ ಇಂಥ ಬಣ್ಣಗಳಲ್ಲಿ ಗಟ್ಟಿಗೊಳಿಸುವ ಘಟಕವು ಸಾಮಾನ್ಯವಾಗಿ ಐಸೊಸಯನೇಟ್ ಜಾತಿಯದು. ಅದರ ತುಂತುರನ್ನು ಉಸಿರಾಡಿದವರಲ್ಲಿ ಕೆಲವರಿಗೆ ಆಸ್ತಮ ಅಂಟಿಕೊಳ್ಳುತ್ತದೆ. ಒಮ್ಮೆ ಹಾಗಾದ ಮೇಲೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು; ಕಸುಬನ್ನೇ ಬಿಡಬೇಕಾದೀತು. ವಾಸನೆ ಬಾರದಿದ್ದರೆ ಅಪಾಯವಿಲ್ಲವೆಂದು ನಂಬುವಂತಿಲ್ಲ. ಸೂಕ್ಷ್ಮ ತುಂತುರು ಕಣ್ಣಿಗೂ ಕಾಣದು. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯಲಾರದು. ಶುದ್ಧ ಗಾಳಿಯನ್ನು ಹೊರಗಿನಿಂದ ಕೊಳವೆಯ ಮೂಲಕ ಒದಗಿಸುವ ಮುಖಕವಚವೂ, ಕಲುಷಿತ ಗಾಳಿಯನ್ನು ಹೊರಗೆಳೆಯುವ ಕೋಣೆಯೂ ಬೇಕು.

ಕಿತ್ತಳೆ ಸಿಪ್ಪೆ, ಓಟ, ಮೀನ್ಗಣ್ಣು — ಕಣ್ಣಿಗೆ ಬಿದ್ದ ದೋಷಗಳಿಗೆಲ್ಲ ಬಣ್ಣಗಾರರು ಚಿತ್ರವತ್ತಾದ ಹೆಸರಿಟ್ಟರು. ‘ಟೂ-ಕೆ’ ಎಂಬ ಹೆಸರಾದರೋ ಯಾವ ಚಿತ್ರವನ್ನೂ ಕೊಡದು, ಯಾವ ಎಚ್ಚರಿಕೆಯನ್ನೂ ಹೇಳದು. ಕಾಣದುದನ್ನು ಕಾಣಿಸುವುದು ವಿಜ್ಞಾನದ ಕೆಲಸ. ವಿದ್ಯಾರ್ಥಿಗಳೇ, ಮುಂದೆ ಹೊಳೆಯುವ ಕಾರೊಂದನ್ನು ಕಂಡಾಗ ಓರೆಯಾಗಿ ಬೆಳಕು ಬೀಳುವಂತೆ ನಿಂತು ನೋಡಿರಿ. ಹೊಸ ಕಾರಿನಲ್ಲೂ ಕಿತ್ತಳೆಯ ಸಿಪ್ಪೆ ತುಸುವಾದರೂ ಕಂಡೀತು. ಹಾಗೆಯೇ, ಅದಕ್ಕೆ ಬಣ್ಣ ಹಾಕಿದವನು ಮುಖಕ್ಕೆ ಏನು ಧರಿಸಿದ್ದನೆಂದೂ ಒಮ್ಮೆ ಕೇಳಿರಿ.